‘ಅಯ್ಯೋ ಪಾಪ’ದ ಆಚೆಗೆ

ಕನ್ನಡದಲ್ಲಿ ‘ಪಾಪ’ ಎಂಬ ಒಂದೇ ಪದಕ್ಕೆ ಎರಡು ಕೆಲಸ. ಮಾಡಬಾರದ್ದನ್ನು ಮಾಡಿದರೆ ಅದು ಪಾಪ. ಕಷ್ಟದಲ್ಲಿರುವವರನ್ನು ಕಂಡಾಗ ನಮ್ಮ ಬಾಯಿಂದ ತಾನಾಗಿಯೇ ಹೊರಡುವುದೂ ‘ಪಾಪ’. ಮೊದಲನೆಯದಕ್ಕೆ ಹೆದರುತ್ತೇವೆ, ಎರಡನೆಯದನ್ನು ಒಳ್ಳೆಯ ಗುಣವೆಂದು ಮೆಚ್ಚುತ್ತೇವೆ. ದಯೆಯನ್ನೇ ಧರ್ಮದ ಬೇರೆಂದು ಹೇಳಿಕೊಟ್ಟ ಪರಂಪರೆ ನಮ್ಮದು. ಆದ್ದರಿಂದ ಮರುಕದ ಬಗ್ಗೆ ಅನುಮಾನ ಪಡುವುದು ನಮಗೆ ಸುಲಭವಲ್ಲ. ಆದರೂ ಕೆಲವು ವರ್ಷಗಳಿಂದ ಅಮೆರಿಕದ ಕಪ್ಪು ಜನರ ಬದುಕಿನ ಕುರಿತ ಬರಹಗಳನ್ನು ಸಂಶೋಧನೆಗಾಗಿ ಓದುತ್ತಿರುವ ನನ್ನನ್ನು ಒಂದು ಪ್ರಶ್ನೆ ಬಿಟ್ಟಿಲ್ಲ. ಒಬ್ಬರ ಹಕ್ಕು ಇನ್ನೊಬ್ಬರ ಮರುಕದ ಮೇಲೆ ನಿಲ್ಲಬಹುದೆ? ಹಾಗೆ ನಿಂತದ್ದನ್ನು ಹಕ್ಕು ಎಂದು ಕರೆಯಬಹುದೆ?

ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮ ಬಳಿ ಇದಕ್ಕೆ ಒಂದು ಸಿದ್ಧ ಉತ್ತರವಿರುತ್ತದೆ. ಕಥೆ ಓದುವಾಗ ನಾವು ಬೇರೆಯವರ ಮೈಯೊಳಗೆ ಹೊಕ್ಕು ಬರುತ್ತೇವೆ, ಅವರ ನೋವು ನಮ್ಮದಾಗುತ್ತದೆ, ಆ ನೋವಿನಿಂದಲೇ ‘ಇವರೂ ನಮ್ಮಂತೆ ಮನುಷ್ಯರು’ ಎಂಬ ಅರಿವು ಹುಟ್ಟುತ್ತದೆ. ಇತಿಹಾಸಕಾರ್ತಿ ಲಿನ್ ಹಂಟ್ 2007ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮಾತನ್ನು ವಿಸ್ತಾರವಾಗಿ ವಾದಿಸಿದ್ದಾರೆ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ರಿಚರ್ಡ್‌ಸನ್, ರೂಸೋ ಮುಂತಾದವರ ಪತ್ರರೂಪದ ಕಾದಂಬರಿಗಳನ್ನು ಓದಿ ಕಣ್ಣೀರಿಟ್ಟ ಜನರೇ ಮುಂದೆ ಮನುಷ್ಯರ ಹಕ್ಕುಗಳ ಘೋಷಣೆಯನ್ನು ಒಪ್ಪುವಂತಾದರು ಎಂಬುದು ಅವರ ವಾದದ ತಿರುಳು. ಅದರಲ್ಲಿ ಸತ್ಯವಿದೆ. ಆದರೆ ಈ ವಾದ ಕಣ್ಣೀರು ಹಾಕುವವರ ಕಡೆಯಿಂದ ಹೊರಟದ್ದು. ಯಾರಿಗಾಗಿ ಕಣ್ಣೀರು ಹಾಕಲಾಯಿತೋ ಅವರಿಗೆ ಅದು ಹೇಗೆ ಕಂಡಿತು? ಅಮೆರಿಕದ ಸಾಹಿತ್ಯದಲ್ಲಿ ಈ ಪ್ರಶ್ನೆಗೆ ಅವರದೇ ದನಿಯ ಉತ್ತರಗಳು ಉಳಿದುಕೊಂಡಿವೆ.

ಮರುಕದ ಶಕ್ತಿಗೆ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ಗಿಂತ ದೊಡ್ಡ ಸಾಕ್ಷಿ ಬೇಡ. 1850ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಹಿಡಿದು ಒಪ್ಪಿಸುವುದಕ್ಕೆ ಉತ್ತರದ ರಾಜ್ಯಗಳ ಜನರೂ ನೆರವಾಗಬೇಕು, ಆಶ್ರಯ ಕೊಟ್ಟವರಿಗೆ ಶಿಕ್ಷೆ. ಅದರ ಹಿಂದಿನ ವರ್ಷವಷ್ಟೇ ಸ್ಟೋವ್ ತಮ್ಮ ಎಳೆಯ ಮಗುವನ್ನು ಕಾಲರಾಕ್ಕೆ ಕಳೆದುಕೊಂಡಿದ್ದರು. ಮಗುವನ್ನು ಕಸಿದುಕೊಂಡರೆ ಗುಲಾಮ ತಾಯಿಗೆ ಏನಾಗುತ್ತದೆಂಬುದು ತನಗೆ ಆ ಸಾವಿನಿಂದ ತಿಳಿಯಿತು ಎಂದು ಆಕೆ ಹೇಳಿಕೊಂಡಿದ್ದಾರೆ. 1852ರಲ್ಲಿ ಪುಸ್ತಕವಾಗಿ ಬಂದ ಕಾದಂಬರಿ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಮೂರು ಲಕ್ಷ ಪ್ರತಿ ಮಾರಾಟವಾಯಿತು. ಮಗುವನ್ನು ಎದೆಗವಚಿಕೊಂಡು ಒಹಾಯೋ ನದಿಯ ತೇಲುವ ಮಂಜುಗಡ್ಡೆಗಳ ಮೇಲೆ ಹಾರುತ್ತಾ ಓಡುವ ಎಲೈಜಾಳನ್ನು ಓದಿ ಅತ್ತವರಿಗೆ ಲೆಕ್ಕವಿಲ್ಲ. ಅವರಲ್ಲಿ ಎಷ್ಟೋ ಮಂದಿ ಅತ್ತು ಸುಮ್ಮನಾಗಲಿಲ್ಲ ಎಂಬುದೂ ನಿಜ.

ಆದರೆ ಆ ಕಾದಂಬರಿಯ ಕೊನೆಯಲ್ಲಿ ಏನಾಗುತ್ತದೆ ನೋಡಿ. ಬಿಡುಗಡೆ ಪಡೆದ ಎಲೈಜಾಳ ಕುಟುಂಬ ಅಮೆರಿಕದಲ್ಲಿ ನೆಲೆ ನಿಲ್ಲುವುದಿಲ್ಲ, ಆಫ್ರಿಕಾದ ಲೈಬೀರಿಯಾಕ್ಕೆ ಹೊರಡುತ್ತದೆ. ಮಾಲೀಕನಿಗಾಗಿ ಕೂಡ ಪ್ರಾರ್ಥಿಸುವ, ತಿರುಗಿ ಕೈಯೆತ್ತದ ಟಾಮ್ ಹೊಡೆತ ತಿಂದು ಸಾಯುತ್ತಾನೆ. ಓದುಗರ ಮರುಕಕ್ಕೆ ಪಾತ್ರರಾದವರು ಒಂದೋ ಸಾಯಬೇಕು, ಇಲ್ಲವೇ ದೂರ ಹೋಗಬೇಕು. ಪಕ್ಕದ ಮನೆಯಲ್ಲಿ ವಾಸವಿದ್ದು, ಮತ ಹಾಕಿ, ಕೂಲಿಗೆ ಜಗಳವಾಡುವ ಕಪ್ಪು ಮನುಷ್ಯ ಆ ಪುಸ್ತಕದ ಕಲ್ಪನೆಗೆ ಸುಲಭವಾಗಿ ಒದಗಿ ಬರುವುದಿಲ್ಲ. ಹಕ್ಕು ಬೇಕಾಗಿರುವುದಾದರೋ ಅವನಿಗೆ.

ಸ್ಟೋವ್ ಅವರ ಮರುಕ ತನಗೆ ಹೇಗೆ ಕಂಡಿತೆಂಬುದನ್ನು ಹೇಳಲು ಆ ಕಾಲದಲ್ಲೇ ಒಬ್ಬಾಕೆ ಇದ್ದಳು. ಹ್ಯಾರಿಯೆಟ್ ಜೇಕಬ್ಸ್. ಹುಟ್ಟಿದ್ದು 1813ರಲ್ಲಿ, ಉತ್ತರ ಕ್ಯಾರೊಲಿನಾದ ಈಡೆಂಟನ್ ಊರಿನಲ್ಲಿ, ಗುಲಾಮಳಾಗಿ. ಹದಿಹರೆಯದಿಂದಲೇ ಬೆನ್ನುಬಿದ್ದ ಯಜಮಾನನಿಂದ ತಪ್ಪಿಸಿಕೊಳ್ಳಲು ಆಕೆ ತನ್ನ ಅಜ್ಜಿಯ ಮನೆಯ ಮಾಡಿನ ಕೆಳಗಿನ ಸಂದಿಯೊಂದರಲ್ಲಿ ಸುಮಾರು ಏಳು ವರ್ಷ ಅಡಗಿದ್ದಳು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ಎತ್ತರವಿದ್ದ ಕಡೆಯಲ್ಲೂ ಮೂರೇ ಅಡಿ. ಎದ್ದು ನಿಲ್ಲುವಂತಿಲ್ಲ. ಕೆಳಗೆ ಆಡುತ್ತಿದ್ದ ತನ್ನ ಮಕ್ಕಳನ್ನು ಅವಳು ತಾನೇ ಕೊರೆದುಕೊಂಡ ಸಣ್ಣ ತೂತಿನಿಂದ ನೋಡುತ್ತಿದ್ದಳು. ಅವಳು ಅಲ್ಲಿದ್ದದ್ದನ್ನು ಮಕ್ಕಳಿಗೆ ಬಹುಕಾಲ ಹೇಳಿರಲಿಲ್ಲ.

ಉತ್ತರಕ್ಕೆ ಬಂದ ಮೇಲೆ ತನ್ನ ಕತೆಯನ್ನು ಬರೆಯಲು ನೆರವು ಸಿಗಬಹುದೆಂದು ಜೇಕಬ್ಸ್ ಸ್ನೇಹಿತೆಯ ಮೂಲಕ ಸ್ಟೋವ್ ಅವರನ್ನು ಕೇಳಿಸಿದಳು. ಸ್ಟೋವ್ ಇಂಗ್ಲೆಂಡಿಗೆ ಹೊರಟಿದ್ದರಿಂದ ತನ್ನ ಮಗಳನ್ನೂ ಜೊತೆಗೆ ಕರೆದೊಯ್ಯಬಹುದೆ ಎಂದೂ ವಿಚಾರಿಸಿದಳು. ಬಂದ ಉತ್ತರಗಳು ಹೀಗಿದ್ದವು: ಇಂಗ್ಲೆಂಡಿನವರು ಅತಿಯಾಗಿ ಮುದ್ದುಮಾಡಿ ಹುಡುಗಿಯನ್ನು ಕೆಡಿಸಿಬಿಟ್ಟಾರು, ಆದ್ದರಿಂದ ಬೇಡ. ಜೇಕಬ್ಸ್‌ಳ ಕತೆಯನ್ನು ತಮ್ಮ ಕಾದಂಬರಿಗೆ ಆಧಾರಗಳನ್ನು ಒದಗಿಸುವ ಮುಂದಿನ ಪುಸ್ತಕದಲ್ಲಿ ಬಳಸಿಕೊಳ್ಳಬಹುದು. ಅಷ್ಟೇ ಅಲ್ಲ, ಕತೆ ನಿಜವೇ ಎಂದು ಖಚಿತಪಡಿಸಿಕೊಳ್ಳಲು ಸ್ಟೋವ್ ಅದರ ವಿವರಗಳಿದ್ದ ಪತ್ರವನ್ನು ಜೇಕಬ್ಸ್ ಕೆಲಸಕ್ಕಿದ್ದ ಮನೆಯೊಡತಿಗೇ ಕಳಿಸಿದರು. ತನ್ನ ಮಕ್ಕಳು ಹೇಗೆ ಹುಟ್ಟಿದವೆಂಬ ಸಂಗತಿಯನ್ನು ಜೇಕಬ್ಸ್ ಆ ಒಡತಿಗೆ ಅದುವರೆಗೂ ಹೇಳಿಕೊಂಡಿರಲಿಲ್ಲ.

ಸ್ಟೋವ್ ಕೆಟ್ಟವರಾಗಿರಲಿಲ್ಲ. ಗುಲಾಮಗಿರಿಯನ್ನು ಮನಸಾರೆ ದ್ವೇಷಿಸಿದವರು. ಈ ಪ್ರಸಂಗ ಮುಖ್ಯವಾಗುವುದೂ ಅದೇ ಕಾರಣಕ್ಕೆ. ಮರುಕಪಡುವವರಿಗೆ ಎದುರಿನವರ ಗುಟ್ಟಿನ ಮೇಲೆ ತಮಗೆ ಅಧಿಕಾರವಿದೆ ಎನ್ನಿಸಿಬಿಡುತ್ತದೆ. ನೋವನ್ನು ಪೂರ್ತಿ ತೆರೆದು ತೋರಿಸಿದರೆ ತಾನೆ ಕನಿಕರಪಡಲು ಸಾಧ್ಯ! ಜೇಕಬ್ಸ್ ತನ್ನ ಕತೆಯನ್ನು ತಾನೇ ಬರೆದುಕೊಂಡಳು, ದುಡಿಮೆ ಮುಗಿದ ಮೇಲೆ ರಾತ್ರಿಗಳಲ್ಲಿ. ಅದು 1861ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟವಾಯಿತು. ಮುಂದೆ ಬಹುಕಾಲ ವಿದ್ವಾಂಸರು ಅದನ್ನು ಅದರ ಸಂಪಾದಕಿಯಾಗಿದ್ದ ಬಿಳಿಯ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಬರೆದ ಕಾದಂಬರಿಯೆಂದೇ ಭಾವಿಸಿದ್ದರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಎಂಬ ಸಂಶೋಧಕಿ ಹಳೆಯ ಪತ್ರಗಳನ್ನು ಇಟ್ಟುಕೊಂಡು, ಇದು ಜೇಕಬ್ಸ್‌ಳೇ ಬರೆದ ಅವಳದೇ ಬದುಕು ಎಂದು ಸಾಧಿಸಿ ತೋರಿಸಬೇಕಾಯಿತು.

ಈ ಪತ್ರದ ಸಂಗತಿ ಓದಿದ ದಿನ ನನಗೆ ನಾನಿದ್ದ ಹಾಸ್ಟೆಲ್ ನೆನಪಾಯಿತು. ವರ್ಷಕ್ಕೊಮ್ಮೆ ಅಲ್ಲಿಗೆ ದಾನಿಗಳು ಬರುತ್ತಿದ್ದರು. ನೋಟ್‌ಬುಕ್, ಬೆಡ್‌ಶೀಟ್ ಹಂಚುವ ಮುಂಚೆ ನಾಲ್ಕೈದು ಹುಡುಗಿಯರು ವೇದಿಕೆಗೆ ಹೋಗಿ ತಮ್ಮ ಮನೆಯ ಕಷ್ಟ ಹೇಳಬೇಕು. ಯಾರ ಕತೆಗೆ ಸಭೆ ಹೆಚ್ಚು ಕಣ್ಣೊರೆಸಿಕೊಳ್ಳುತ್ತದೋ ಆ ಹುಡುಗಿಗೆ ಮರುದಿನ ವಾರ್ಡನ್ ಕಡೆಯಿಂದ ಮೆಚ್ಚುಗೆ. ನನ್ನ ಪಕ್ಕದ ಮಂಚದವಳು ಒಂದು ವರ್ಷ ಹೋಗಲು ಒಪ್ಪಲಿಲ್ಲ. “ನಮ್ಮಪ್ಪ ಕುಡೀತಾನೆ ಅನ್ನೋದನ್ನ ಇವರಿಗ್ಯಾಕೆ ಹೇಳ್ಬೇಕು? ನೋಟ್‌ಬುಕ್ ಕೊಟ್ರೆ ಕೊಡ್ಲಿ, ಬಿಟ್ರೆ ಬಿಡ್ಲಿ” ಅಂದಳು. ಅವಳಿಗೆ ಸೊಕ್ಕು ಎಂದು ಹಾಸ್ಟೆಲಿನಲ್ಲೆಲ್ಲ ಮಾತಾಯಿತು. ಕೇಳುವವರು ಕುಗ್ಗಿರಬೇಕು ಎಂಬುದು ದಾನದ ನಿಯಮವಾದ್ದರಿಂದ, ಕುಗ್ಗದವರಿಗೆ ಸೊಕ್ಕಿನವರೆಂಬ ಹೆಸರು ಬರುವುದು ಸಹಜವೇ.

ಫ್ರೆಡರಿಕ್ ಡಗ್ಲಸ್ ಅವರಿಗೂ ಇದರ ಅನುಭವವಿತ್ತು. 1838ರಲ್ಲಿ ಮೇರಿಲ್ಯಾಂಡಿನ ಗುಲಾಮಗಿರಿಯಿಂದ ಪಾರಾಗಿ ಬಂದ ಅವರು ಮೂರು ವರ್ಷಗಳ ನಂತರ ಗುಲಾಮಗಿರಿ ವಿರೋಧಿ ಸಭೆಗಳಲ್ಲಿ ಮಾತಾಡತೊಡಗಿದರು. ಅವರನ್ನು ವೇದಿಕೆಗೆ ಕರೆತಂದ ಬಿಳಿಯ ಗೆಳೆಯರು ಅವರಿಂದ ಬಯಸಿದ್ದು ಅನುಭವದ ಸಂಗತಿಗಳನ್ನು ಮಾತ್ರ. ವಿಚಾರದ ಭಾಗ ತಮಗಿರಲಿ ಎಂದು ಅವರು ಹೇಳಿದರೆಂಬುದನ್ನು ಡಗ್ಲಸ್ ಮುಂದೆ ಬರೆದಿದ್ದಾರೆ. ಮಾತಿನಲ್ಲಿ ತೋಟದ ಆಳಿನ ಭಾಷೆಯ ಸೊಗಡು ಒಂದಿಷ್ಟು ಉಳಿದಿರಲಿ, ತೀರ ಓದಿದವರಂತೆ ಮಾತಾಡಿದರೆ ಜನ ನಂಬುವುದಿಲ್ಲ ಎಂಬ ಸಲಹೆಯೂ ಬಂತು. ಜನರಿಗೆ ಸಂಶಯ ಬಂದದ್ದೂ ನಿಜ: ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮನಾಗಿದ್ದಿರಲು ಸಾಧ್ಯವೇ? ಆ ಸಂಶಯಕ್ಕೆ ಉತ್ತರವಾಗಿ ಡಗ್ಲಸ್ 1845ರಲ್ಲಿ ಊರು, ಯಜಮಾನರ ಹೆಸರುಗಳ ಸಮೇತ ಆತ್ಮಕಥನ ಪ್ರಕಟಿಸಿದರು. ಅದಕ್ಕೆ ತೆತ್ತ ಬೆಲೆಯೆಂದರೆ, ಹಿಡಿದೊಯ್ಯುವವರ ಭಯದಿಂದ ಸಮುದ್ರ ದಾಟಿ ಬ್ರಿಟನ್ನಿಗೆ ಹೋಗಬೇಕಾಯಿತು.

ಆ ಮೊದಲ ಪುಸ್ತಕದ ಆರಂಭದಲ್ಲಿ ಇಬ್ಬರು ಬಿಳಿಯ ನಾಯಕರ ಮಾತುಗಳಿವೆ, ಇದು ನಿಜವಾದ ಕತೆ ಎಂಬುದಕ್ಕೆ ಜಾಮೀನಿನಂತೆ. ಹತ್ತು ವರ್ಷದ ನಂತರ, 1855ರಲ್ಲಿ, ಡಗ್ಲಸ್ ತಮ್ಮ ಬದುಕನ್ನು ಇನ್ನೂ ದೊಡ್ಡದಾಗಿ ಬರೆದಾಗ ಅದಕ್ಕೆ ಪ್ರಸ್ತಾವನೆ ಬರೆದವರು ಜೇಮ್ಸ್ ಮೆಕ್ಯೂನ್ ಸ್ಮಿತ್ ಎಂಬ ಕಪ್ಪು ವೈದ್ಯರು. ಅಷ್ಟರಲ್ಲಿ ಡಗ್ಲಸ್ ತಮ್ಮದೇ ಪತ್ರಿಕೆಯನ್ನೂ ಹೊರಡಿಸುತ್ತಿದ್ದರು. ಸಂಗತಿ ನಾನು ಹೇಳುತ್ತೇನೆ, ಅದರ ಅರ್ಥವನ್ನೂ ನಾನೇ ಹೇಳುತ್ತೇನೆ ಎನ್ನುವ ಈ ನಡಿಗೆಯನ್ನು ಮರುಕದಿಂದ ಹಕ್ಕಿನ ಕಡೆಗಿನ ನಡಿಗೆ ಎಂದು ನಾನು ಓದುತ್ತೇನೆ.

ಇಷ್ಟು ಹೊತ್ತು ಮರುಕ ಪಡೆಯುವವರ ಕಡೆಯ ಕಷ್ಟ ಹೇಳಿದೆ. ಮರುಕಕ್ಕೆ ಅರ್ಹರೇ ಅಲ್ಲ ಎನ್ನಿಸಿಕೊಂಡವರ ಗತಿಯೇನು ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ಇದು ನನಗೆ ಸ್ಪಷ್ಟವಾದದ್ದು ತರಗತಿಯಲ್ಲಿ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವಾರಕ್ಕೆ ಎರಡು ಪಾಠ ಮಾಡುತ್ತೇನೆ. ಒಮ್ಮೆ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಮುಗಿಸಿದ್ದೆವು. 1960ರಲ್ಲಿ ಬಂದ ಈ ಕಾದಂಬರಿಯಲ್ಲಿ ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯ ಮೇಲೆ ಬಿಳಿಯ ಹುಡುಗಿಯ ಅತ್ಯಾಚಾರದ ಸುಳ್ಳು ಆರೋಪ ಬರುತ್ತದೆ. ವಕೀಲ ಆಟಿಕಸ್ ಫಿಂಚ್ ಎಷ್ಟು ಚೆನ್ನಾಗಿ ವಾದಿಸಿದರೂ ಬಿಳಿಯ ಜ್ಯೂರಿ ಟಾಮ್‌ನನ್ನು ಅಪರಾಧಿ ಎನ್ನುತ್ತದೆ. ತರಗತಿ ಭಾರವಾಗಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ಟಾಮ್ ಇಷ್ಟು ಒಳ್ಳೆಯವನಾಗಿರದಿದ್ದರೆ? ಒರಟನಾಗಿದ್ದು, ಬಾಯಿಗೆ ಬಂದಂತೆ ಬೈಯುವವನಾಗಿದ್ದರೆ ನಮಗೆ ಹೀಗೇ ಅನ್ನಿಸ್ತಿತ್ತಾ?”

ಅವಳ ಪ್ರಶ್ನೆಯೊಂದಿಗೆ ಆ ವಿಚಾರಣೆಯ ದೃಶ್ಯಕ್ಕೆ ಮತ್ತೆ ಹೋದರೆ ಅಲ್ಲೊಂದು ಘಟ್ಟವಿದೆ. ಆ ಹುಡುಗಿಯ ಮನೆಗೆಲಸವನ್ನು ಪುಕ್ಕಟೆಯಾಗಿ ಏಕೆ ಮಾಡಿಕೊಟ್ಟೆ ಎಂದು ಸರ್ಕಾರಿ ವಕೀಲ ಕೆಣಕಿದಾಗ, ಅವಳನ್ನು ನೋಡಿ ಪಾಪ ಅನ್ನಿಸಿತು ಎಂಬರ್ಥದ ಮಾತನ್ನು ಟಾಮ್ ಆಡಿಬಿಡುತ್ತಾನೆ. ಅಷ್ಟಕ್ಕೇ ಕೋರ್ಟಿನ ಗಾಳಿ ಬದಲಾಗುತ್ತದೆ. ಕಪ್ಪು ಮನುಷ್ಯನಿಗೆ ಬಿಳಿಯ ಹುಡುಗಿಯ ಮೇಲೆ ಕನಿಕರವೇ? ಅವನು ಪಾಪ ಎಂದದ್ದೇ ಪಾಪವಾಯಿತು. ಮರುಕ ನೀರಿನ ಹಾಗೆ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯಬೇಕೆಂಬ ಕಟ್ಟಳೆಯನ್ನು ಟಾಮ್ ತಿಳಿಯದೆ ಮುರಿದಿದ್ದ. ಆ ಕಟ್ಟಳೆ ಮೇಕೂಂಬ್ ಎಂಬ ಆ ಕಾಲ್ಪನಿಕ ಊರಿಗೆ ಮಾತ್ರ ಸೇರಿದ್ದಲ್ಲ. ಕೆಳಗಿನಿಂದ ಮೇಲಕ್ಕೆ ಮರುಕ ಬಂದರೆ ನಮಗೂ ಅವಮಾನವಾದಂತೆ ಅನ್ನಿಸುತ್ತದೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಹಾರ್ಪರ್ ಲೀಗಿಂತ ಇಪ್ಪತ್ತು ವರ್ಷ ಮೊದಲೇ ಬಂದಿತ್ತು. ರಿಚರ್ಡ್ ರೈಟ್ 1938ರಲ್ಲಿ ದಕ್ಷಿಣದ ಕಪ್ಪು ಜನರ ಮೇಲಿನ ಹಿಂಸೆಯ ಬಗ್ಗೆ ಕತೆಗಳ ಸಂಕಲನ ತಂದರು. ಅದಕ್ಕೆ ಬಂದ ವಿಮರ್ಶೆಗಳನ್ನು ಓದಿದಾಗ ಅವರಿಗೆ ಕಸಿವಿಸಿಯಾಯಿತು. ಸಿರಿವಂತರ ಮನೆಯ ಹೆಣ್ಣುಮಕ್ಕಳು ಓದಿ ಅತ್ತು ಹಗುರಾಗಬಹುದಾದ ಪುಸ್ತಕ ತನ್ನಿಂದ ಬಂದಿದೆ. ಮುಂದಿನದು ಅಳುವುದಕ್ಕೂ ಅವಕಾಶ ಕೊಡದಷ್ಟು ಗಟ್ಟಿಯಾಗಿರಬೇಕು ಎಂದು ತೀರ್ಮಾನಿಸಿದರು. 1940ರಲ್ಲಿ ‘ನೇಟಿವ್ ಸನ್’ ಬಂತು. ಅದರ ನಾಯಕ ಬಿಗ್ಗರ್ ಥಾಮಸ್ ಮೇಲೆ ಮರುಕಪಡುವುದು ಕಷ್ಟ. ಅವನು ಹೆದರಿ ಬಿಳಿಯ ಹುಡುಗಿಯೊಬ್ಬಳನ್ನು ಕೊಲ್ಲುತ್ತಾನೆ. ಆಮೇಲೆ, ಹೆಚ್ಚು ಯೋಚಿಸಿಯೇ, ತನ್ನ ಕಪ್ಪು ಗೆಳತಿಯನ್ನು ಕೊಲ್ಲುತ್ತಾನೆ.

ಈ ಕಾದಂಬರಿಯ ಶ್ರೀಮಂತ ಡಾಲ್ಟನ್ ಬಹಳ ದೊಡ್ಡ ದಾನಿ. ಕಪ್ಪು ಜನರ ವಿದ್ಯಾಭ್ಯಾಸಕ್ಕೆ ಲಕ್ಷಾಂತರ ಡಾಲರ್ ಕೊಟ್ಟವನು, ಅವರ ಹುಡುಗರ ಕ್ಲಬ್ಬಿಗೆ ಪಿಂಗ್‌ಪಾಂಗ್ ಮೇಜುಗಳನ್ನು ಕೊಡಿಸಿದವನು. ಬಿಗ್ಗರ್‌ನ ತಾಯಿ, ತಮ್ಮ, ತಂಗಿ ಎಲ್ಲರೂ ಇಲಿಗಳ ಜೊತೆ ಬದುಕುವ ಒಂದೇ ಕೋಣೆಗೆ ವಾರಕ್ಕೆ ಎಂಟು ಡಾಲರ್ ಬಾಡಿಗೆ. ಆ ಕಟ್ಟಡದ ಕಂಪನಿಯ ಒಡೆತನವೂ ಇದೇ ಡಾಲ್ಟನ್‌ನದು. ಬಿಳಿಯರ ಬೀದಿಗಳಲ್ಲಿ ಕಪ್ಪು ಜನರಿಗೆ ಅವನ ಕಂಪನಿ ಮನೆ ಕೊಡುವುದಿಲ್ಲ. ಎಲ್ಲಿ ಬೇಕಾದರೂ ಬಾಡಿಗೆಗೆ ಮನೆ ಹಿಡಿಯುವುದು ಹಕ್ಕು; ಪಿಂಗ್‌ಪಾಂಗ್ ಮೇಜು ಕರುಣೆ. ಡಾಲ್ಟನ್ ಎರಡನೆಯದನ್ನು ಧಾರಾಳವಾಗಿ ಕೊಟ್ಟ. ಆ ಧಾರಾಳ ಇದ್ದದ್ದರಿಂದಲೇ ಮೊದಲನೆಯದರ ಯೋಚನೆ ಅವನಿಗೆ ಬರಲಿಲ್ಲ.

ಬಿಗ್ಗರ್ ಅಪರಾಧಿ ಎಂಬುದರಲ್ಲಿ ರೈಟ್‌ಗೆ ಸಂಶಯವಿಲ್ಲ. ಆದರೆ ಅಪರಾಧಿಯೂ ಮನುಷ್ಯನೇ ಎನ್ನುವಲ್ಲಿ ಹಕ್ಕಿನ ಮಾತು ಶುರುವಾಗುತ್ತದೆ. ಇದು ಕೇವಲ ಕಾದಂಬರಿಯ ತರ್ಕವಲ್ಲ. 1856ರ ಜನವರಿಯಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು ಕುಟುಂಬದೊಂದಿಗೆ ಹೆಪ್ಪುಗಟ್ಟಿದ ಒಹಾಯೋ ನದಿಯನ್ನು ನಡೆದು ದಾಟಿದಳು. ಎಲೈಜಾ ದಾಟಿದ್ದ ಅದೇ ನದಿ. ಹಿಡಿಯುವವರು ಸುತ್ತುವರಿದಾಗ, ಮತ್ತೆ ಗುಲಾಮಗಿರಿಗೆ ಹೋಗುವುದು ಬೇಡವೆಂದು ತನ್ನ ಎರಡು ವರ್ಷದ ಮಗಳನ್ನು ಕೊಂದಳು. ಆಗ ಗುಲಾಮಗಿರಿಯ ವಿರೋಧಿಗಳು ಕೇಳಿದ್ದೇನು ಗೊತ್ತೆ? ಅವಳ ಮೇಲೆ ಕೊಲೆಯ ಮೊಕದ್ದಮೆ ಹೂಡಿ ಎಂದು. ಕೊಲೆಗಾರ್ತಿ ಎನ್ನಿಸಿಕೊಳ್ಳಬೇಕಾದರೆ ಮೊದಲು ಮನುಷ್ಯಳಾಗಿರಬೇಕಲ್ಲ! ಅದು ನಡೆಯಲಿಲ್ಲ. ಅವಳನ್ನು ಯಜಮಾನನ ಸೊತ್ತೆಂದು ತೀರ್ಮಾನಿಸಿ ಹಿಂದಕ್ಕೆ ಕಳಿಸಲಾಯಿತು. ಕಾಲ್ಪನಿಕ ಎಲೈಜಾಳಿಗಾಗಿ ಅತ್ತ ದೇಶವೇ ಅದು. ಈ ಘಟನೆಯಿಂದ ಹುಟ್ಟಿದ ಟೋನಿ ಮಾರಿಸನ್ ಅವರ ‘ಬಿಲವ್ಡ್’ 1987ರಲ್ಲಿ ಬಂತು. ಮಗಳನ್ನು ಕೊಂದ ಸೆಥೆಯನ್ನು ಆ ಕಾದಂಬರಿ ಕ್ಷಮಿಸು ಎನ್ನುವುದೂ ಇಲ್ಲ, ಶಿಕ್ಷಿಸು ಎನ್ನುವುದೂ ಇಲ್ಲ. ತನ್ನ ಕೃತ್ಯಕ್ಕೆ ತಾನೇ ಉತ್ತರ ಕೊಡಬೇಕಾದ ವ್ಯಕ್ತಿಯಾಗಿ ಅವಳನ್ನು ನಮ್ಮೆದುರು ನಿಲ್ಲಿಸುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಜಾಗ ಬಿಡಬೇಕು. ಮರುಕವಿಲ್ಲದೆ ಯಾವ ಕಾನೂನು ತಾನೆ ಬದಲಾದೀತು? ಹೊಟ್ಟೆ ಹಸಿದವರಿಗೆ ಅನ್ನ ಬಂದರೆ ಸಾಕು, ಅದು ಕರುಣೆಯಿಂದ ಬಂತೋ ಹಕ್ಕಿನಿಂದ ಬಂತೋ ಎನ್ನುವುದು ಓದಿದವರ ಜಗಳವಲ್ಲವೆ? ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಮತ್ತೆ ಜೇಕಬ್ಸ್‌ಳ ಬದುಕನ್ನೇ ನೋಡೋಣ. 1850ರ ಕಾನೂನಿನ ನಂತರ ಅವಳನ್ನು ಹುಡುಕಿಕೊಂಡು ಹಳೆಯ ಯಜಮಾನನ ಮಗಳು ಮತ್ತು ಅಳಿಯ ನ್ಯೂಯಾರ್ಕಿಗೇ ಬಂದರು. ತನ್ನನ್ನು ಕೊಂಡು ಬಿಡಿಸುವುದು ಬೇಡ ಎಂದು ಜೇಕಬ್ಸ್ ಮೊದಲೇ ಹೇಳಿದ್ದಳು. ಬೆಲೆ ಕೊಟ್ಟರೆ ತಾನು ಮಾರಾಟದ ವಸ್ತು ಎಂದು ಒಪ್ಪಿಕೊಂಡಂತೆ. ಆದರೂ ಅವಳ ಮನೆಯೊಡತಿ 1852ರಲ್ಲಿ 300 ಡಾಲರ್ ಕೊಟ್ಟು ಅವಳನ್ನು ಬಿಡಿಸಿದಳು. ಸುದ್ದಿ ತಿಳಿದಾಗ ಜೇಕಬ್ಸ್‌ಗೆ ಎದೆಯ ಮೇಲಿನ ಭಾರ ಇಳಿಯಿತು. ಒಡತಿಯ ಮೇಲೆ ನಿಜವಾದ ಪ್ರೀತಿ, ಕೃತಜ್ಞತೆ ಇತ್ತು. ಅದೇ ಹೊತ್ತಿಗೆ, ಸ್ವತಂತ್ರವೆನ್ನುವ ನ್ಯೂಯಾರ್ಕಿನಲ್ಲಿ ತಾನು ಮಾರಾಟವಾದೆನಲ್ಲ ಎಂಬ ಸಿಟ್ಟೂ ಇತ್ತು. ತನ್ನದೇ ಆಗಿದ್ದ ಸ್ವಾತಂತ್ರ್ಯವನ್ನು ಇನ್ನೊಬ್ಬರು ಹಣ ಕೊಟ್ಟು ತನಗೆ ಕೊಡಿಸಬೇಕಾಯಿತು.

ಆ ಭಾರ ಇಳಿದದ್ದನ್ನು ಜೇಕಬ್ಸ್ ಮುಚ್ಚಿಡಲಿಲ್ಲ, ಸಿಟ್ಟನ್ನೂ ಬಿಡಲಿಲ್ಲ. ನನ್ನ ಮಟ್ಟಿಗೆ ಉತ್ತರ ಇರುವುದು ಅಲ್ಲಿ. ಕರುಣೆ ತುರ್ತಿಗೆ ಒದಗುತ್ತದೆ, ಒದಗಬೇಕು. ಆದರೆ ಅದು ಒದಗಿದ ಕ್ಷಣದಲ್ಲಿ ‘ಇದು ಹೀಗೆ ಬರಬೇಕಾದದ್ದಲ್ಲ’ ಎಂಬ ಅರಿವು ಕೊಟ್ಟವರಿಗೂ ಇರಬೇಕು, ಪಡೆದವರಿಗೂ ಇರಬೇಕು. ಒಡತಿಯ ಮನಸ್ಸು ಬದಲಾದರೆ, ಅವಳ ಬಳಿ 300 ಡಾಲರ್ ಇಲ್ಲದಿದ್ದರೆ, ಜೇಕಬ್ಸ್ ಅವಳಿಗೆ ಇಷ್ಟವಾಗದ ಹೆಂಗಸಾಗಿದ್ದಿದ್ದರೆ? ಹಕ್ಕಿಗೆ ಈ ಯಾವ ‘ರೆ’ಯೂ ಇರಬಾರದು.

ನಮ್ಮ ನೆಲದ ಇಬ್ಬರು ಇದನ್ನೆಲ್ಲ ಬಹಳ ಹಿಂದೆಯೇ ಗಮನವಿಟ್ಟು ನೋಡಿದ್ದರು. ಜ್ಯೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. 1946ರಲ್ಲಿ ಅಂಬೇಡ್ಕರ್ ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡುಬೋಯ್ಸ್ ಅವರಿಗೆ ಒಂದು ಪತ್ರ ಬರೆದರು. ಅವರು ಕೇಳಿದ್ದು ಸಾಂತ್ವನವನ್ನಲ್ಲ. ಅಮೆರಿಕದ ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿಗಳನ್ನು. ಡುಬೋಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು. ಆ ಸಹಾನುಭೂತಿ ಮೇಲಿನಿಂದ ಇಳಿದದ್ದಲ್ಲ, ಒಂದೇ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತ ಇಬ್ಬರ ನಡುವಿನದು. ಮರುವರ್ಷ ಡುಬೋಯ್ಸ್ ಸಂಪಾದಿಸಿದ ಇನ್ನೊಂದು ದೊಡ್ಡ ಅರ್ಜಿ ವಿಶ್ವಸಂಸ್ಥೆಗೆ ಹೋಯಿತು. ಆಗ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷೆ ಎಲೀನರ್ ರೂಸ್‌ವೆಲ್ಟ್. ಕಪ್ಪು ಜನರ ಬಗ್ಗೆ ಕಾಳಜಿ ಇದ್ದವರೆಂದೇ ಹೆಸರಾದವರು. ಅರ್ಜಿ ಸಲ್ಲಿಸಿದ ಸಂಸ್ಥೆಯ ಆಡಳಿತ ಮಂಡಳಿಯಲ್ಲೂ ಇದ್ದವರು. ಆದರೂ ಆ ಅರ್ಜಿಗೆ ಅವರ ಬೆಂಬಲ ಸಿಗಲಿಲ್ಲ.

ಹಾಗಾದರೆ ಸಾಹಿತ್ಯಕ್ಕೆ ಇಲ್ಲಿ ಏನು ಕೆಲಸ? ನಮ್ಮನ್ನು ಅಳಿಸುವುದು ಅದಕ್ಕೆ ಗೊತ್ತು, ಅದು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಬಿಗ್ಗರ್‌ನಂಥವನನ್ನು, ಸೆಥೆಯಂಥವಳನ್ನು ನಮ್ಮೆದುರು ತಂದು, ಮರುಕ ಹುಟ್ಟದಿದ್ದಾಗಲೂ ಕಣ್ಣು ತಿರುಗಿಸದಂತೆ ಕೂರಿಸುವುದು ಅದರ ಹೆಚ್ಚಿನ ಕೆಲಸ ಎಂದು ನನಗೆ ತೋರುತ್ತದೆ. ಪತ್ರಿಕೆಯಲ್ಲಿ ಒಂದು ಸುದ್ದಿ ಓದಿ ‘ಅಯ್ಯೋ ಪಾಪ’ ಎಂದಾಗ ನಮ್ಮನ್ನು ನಾವು ಕೇಳಿಕೊಳ್ಳಬಹುದಾದ ಪ್ರಶ್ನೆಯೂ ಇದೇ. ಈ ಮನುಷ್ಯ ನನಗೆ ಹಿಡಿಸದವನಾಗಿದ್ದರೆ, ಕೃತಜ್ಞತೆ ತೋರಿಸದವನಾಗಿದ್ದರೆ, ತನ್ನ ಕತೆ ಹೇಳಲು ಒಪ್ಪದವನಾಗಿದ್ದರೆ, ಆಗಲೂ ಅವನಿಗೆ ಏನು ಸಲ್ಲಬೇಕು?